ಭಾವನ ಆಂಬುಲೆನ್ಸ್

ಆಂಬುಲೆನ್ಸ್ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ಭಾವ ಎಂದೇ ಕರೆಯುತ್ತಿದ್ದರು. ಅದೇ ಗಾಡಿಯ ಹಿಂಭಾಗದಲ್ಲಿ ರೋಗಿಯ ಪಕ್ಕ ಕೂರುವ ಟೆಕ್ನಿಷಿಯನ್ ಅವನ ಹೆಂಡತಿಯ ತಮ್ಮ. ಅವನ ಬಾಯಿಂದ ಶುರುವಾದದ್ದು ಮಿಕ್ಕ ಡ್ರೈವರುಗಳಿಗೂ ಅಂಟಿಕೊಂಡು, ಕೊನೆಗೆ ಕಂಟ್ರೋಲ್ ರೂಮಿನ ಹೆಂಗಸು ಕೂಡ ವೈರ್‌ಲೆಸ್‌ನಲ್ಲಿ “ಭಾವ ಎಲ್ಲಿದ್ದಾರೆ?” ಎಂದು ಕೇಳತೊಡಗಿದಳು. ಊರಿಗೆಲ್ಲ ಭಾವನಾದರೂ ಅವನಿಗೆ ಊರಿನವರ ಮೇಲೆ ಅಂಥ ಅಕ್ಕರೆಯೇನೂ ಇರಲಿಲ್ಲ. ಕೋಪ ಸದಾ ಮೂಗಿನ ತುದಿಯಲ್ಲೇ. ದಾರಿ ಬಿಡದ ಕಾರಿನವನನ್ನು ಮುಂದಿನ ಸಿಗ್ನಲ್ಲಿನವರೆಗೂ ಬೈಯುತ್ತಿದ್ದ. ದಾರಿ ಬಿಟ್ಟವನನ್ನು, ಇಷ್ಟು ತಡವಾಗಿ ಯಾಕೆ ಬಿಟ್ಟೆ ಎಂದು ಬೈಯುತ್ತಿದ್ದ.

ವೇಗ ಅವನಿಗೆ ಬರೀ ಚಟವಾಗಿರಲಿಲ್ಲ. ಅವನ ಅಪ್ಪ ಎದೆ ಹಿಡಿದುಕೊಂಡು ಕುಸಿದ ದಿನ ಸಿಕ್ಕಿದ್ದು ಒಂದು ತರಕಾರಿ ಟೆಂಪೋ. ರೈಲ್ವೆ ಗೇಟು ಹಾಕಿತ್ತು. ಮುಗಿಯದ ಗೂಡ್ಸ್ ರೈಲು ಅವರ ಮುಂದೆ ಹಾದು ಹೋಗುವಷ್ಟರಲ್ಲಿ ಎಲೆಕೋಸಿನ ಮೂಟೆಗಳ ನಡುವೆ ಅಪ್ಪನ ಕೈ ತಣ್ಣಗಾಗಿತ್ತು. ಆಗ ಅವನು ಲಾರಿಯ ಕ್ಲೀನರ್. ಮುಂದೆ ಡ್ರೈವರಾದ, ಲಾರಿ ಬಿಟ್ಟು ಆಂಬುಲೆನ್ಸಿಗೆ ಬಂದ. “ಬೇಗ ಮುಟ್ಟಿಸೋದು ನನ್ನ ಕೆಲಸ. ಮಿಕ್ಕಿದ್ದೆಲ್ಲ ಡಾಕ್ಟರದು, ದೇವರದು” ಎನ್ನುತ್ತಿದ್ದ. ಈ ಮಾತಿಗೆ ಎದುರಾಡಿದವರ ಜತೆ ಅವನಿಗೆ ಎಣ್ಣೆ ಸೀಗೆಕಾಯಿ ಸಂಬಂಧ.

ಗಾಡಿಯನ್ನು ಅವನು ಇಟ್ಟುಕೊಂಡ ರೀತಿಗೆ ಶೆಡ್ಡಿನಲ್ಲಿ ಸಾಟಿ ಇರಲಿಲ್ಲ. ಬೆಳಿಗ್ಗೆ ಬಂದವನೇ ಬಾನೆಟ್ಟಿಗೆ ಪಾಲಿಶ್ ತಿಕ್ಕುತ್ತಿದ್ದ. ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದಿತ್ತು. ಸ್ಟೀರಿಂಗಿಗೆ ಹೆಂಡತಿಯಿಂದ ಮೆತ್ತನೆಯ ಉಣ್ಣೆಯ ಕವರ್ ಹೆಣೆಸಿ ಹಾಕಿದ್ದ. ಒಳಗೆ ಘಮಘಮ ಎನ್ನುವ ಸ್ಪ್ರೇ. ಹಿಂಭಾಗ ಮಾತ್ರ ಭಾಮೈದನ ಪಾಲು. ಶೆಡ್ಡಿನ ಮೂಲೆಯ ಬಕೆಟ್ಟಿನಲ್ಲಿ ಒಂದೇ ಬಟ್ಟೆ ಅದ್ದಿ, ನೆಲವನ್ನೂ ಸ್ಟ್ರೆಚರಿನ ಕಂಬಿಯನ್ನೂ ಒಂದೇ ಏಟಿಗೆ ಒರೆಸಿ ಬಿಡುವುದು ಅಲ್ಲಿನ ಎಲ್ಲರ ರೂಢಿ. ಒರೆಸಲು ಪುರುಸೊತ್ತು ಕೊಡುವವರಾದರೂ ಯಾರು? ರೋಗಿಯನ್ನು ಇಳಿಸುತ್ತಿದ್ದಂತೆ ವೈರ್‌ಲೆಸ್ ಕಿರುಚುತ್ತಿತ್ತು.

ಹೀಗಿರುವಾಗ ದೊಡ್ಡಾಸ್ಪತ್ರೆಯಿಂದ ಸೋಂಕು ನಿಯಂತ್ರಣದ ನರ್ಸ್ ಶೆಡ್ಡಿಗೆ ಬಂದಳು. ನಡುವಯಸ್ಸಿನ ಹೆಂಗಸು, ಸಣಕಲು ಮೈ, ಮುಖದಲ್ಲಿ ನಗುವಿನ ಸುಳಿವಿಲ್ಲ. ಕೈಯಲ್ಲಿ ತುದಿಗೆ ಹತ್ತಿ ಸುತ್ತಿದ ಕಡ್ಡಿಗಳ ಡಬ್ಬ. ಯಾರನ್ನೂ ಮಾತಾಡಿಸದೆ ಗಾಡಿ ಹತ್ತಿ ಸ್ಟ್ರೆಚರಿನ ಬೆಲ್ಟು, ಕಂಬಿ, ಆಕ್ಸಿಜನ್ನಿನ ತಿರುಪು, ಬಾಗಿಲ ಹಿಡಿ, ಹೀಗೆ ಕೈ ತಾಗುವಲ್ಲೆಲ್ಲ ಕಡ್ಡಿ ಒರೆಸಿ ಒಂದೊಂದನ್ನೂ ಒಂದೊಂದು ಕೊಳವೆಗೆ ಹಾಕಿಕೊಂಡಳು. ಕೊನೆಗೆ ಮುಂದಿನ ಬಾಗಿಲು ತೆಗೆದು ಸ್ಟೀರಿಂಗಿಗೂ ಕಡ್ಡಿ ಹಚ್ಚಿದಾಗ ಭಾವ ಕುರ್ಚಿಯಿಂದ ಎದ್ದ.

“ಮೇಡಂ, ಪೇಷೆಂಟ್ ಮಲಗೋದು ಹಿಂದೆ. ಇಲ್ಲಿ ಕೂರೋದು ನಾನು.”

“ಗೊತ್ತು. ಅದಕ್ಕೇ ತಗೊಂಡೆ” ಎಂದಳು. ಅಷ್ಟೇ ಹೇಳಿ ಹೊರಟೂ ಹೋದಳು. ಅವಳ ಬೆನ್ನು ಮರೆಯಾಗುವ ಮೊದಲೇ ಶೆಡ್ಡು ಅವಳಿಗೆ ‘ಹತ್ತಿಕಡ್ಡಿ’ ಎಂದು ಹೆಸರಿಟ್ಟಾಗಿತ್ತು.

ಮುಂದಿನ ವಾರ ಹತ್ತಿಕಡ್ಡಿ ಮರಳಿ ಬಂದಾಗ ಅವಳ ಚೀಲದಲ್ಲಿ ಗಟ್ಟಿಯಾಗಿ ಮುಚ್ಚಿ ಟೇಪು ಸುತ್ತಿದ ಚಪ್ಪಟೆ ಗಾಜಿನ ತಟ್ಟೆಗಳಿದ್ದವು. ಟೀ ಕುಡಿಯುತ್ತಿದ್ದವರ ಮಧ್ಯೆ ಅವನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಕೆಲವದರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಬೆಲ್ಟಿನದರಲ್ಲಿ ಹಳದಿ ಚುಕ್ಕೆಗಳ ಗುಂಪು. ಒಂದು ತಟ್ಟೆಯಂತೂ ಸಾಸಿವೆ ಚೆಲ್ಲಿದ ಹಾಗೆ ತುಂಬಿಹೋಗಿತ್ತು.

“ಇದು ಭಾವನ ಸ್ಟೀರಿಂಗ್” ಎಂದಳು. ಹೆಸರು ಅವಳಿಗೂ ಅಂಟಿತ್ತು. “ಕಡ್ಡಿಗೆ ಹತ್ತಿದ್ದನ್ನ ಲ್ಯಾಬಲ್ಲಿ ಬೆಳೆಸಿದ್ವಿ. ಇವೆಲ್ಲ ಬ್ಯಾಕ್ಟೀರಿಯಾ. ಮಾಮೂಲಿ ಔಷಧಿಗೆ ಬಗ್ಗದ ಜಾತಿ ಕೂಡ ಇದರಲ್ಲಿದೆ. ಗಟ್ಟಿ ಇರೋರಿಗೆ ಏನೂ ಆಗದೆ ಇರಬಹುದು. ಬಾಯಿ ತೆರೆದ ಗಾಯ ಇಟ್ಕೊಂಡು ಮಲಗಿರೋರ ಒಳಗೆ ಹೋದ್ರೆ ಕಷ್ಟ.”

ಟೀ ಕುಡಿಯುತ್ತಿದ್ದವರು ತಟ್ಟೆಯತ್ತ ಬಗ್ಗಿ ನೋಡಿದರು. ಆಮೇಲೆ ಯಾರೋ ಕಿಸಕ್ಕೆಂದರು. ಆ ನಗುವಿಗೆ ಭಾವನ ಪಿತ್ತ ನೆತ್ತಿಗೇರಿತು.

“ನನ್ನ ಗಾಡಿ ಕನ್ನಡಿ ಹಂಗಿದೆ! ಇವನ್ನ ನಿಮ್ಮ ಆಸ್ಪತ್ರೆಯಿಂದಲೇ ತಂದಿದ್ದೀರಿ. ಅಲ್ಲಿ ಕೊಳೆತು ನಾರೋದನ್ನ ತಂದು ಇಲ್ಲಿ ನಮ್ಮ ತಲೆಗೆ ಕಟ್ತೀರಾ?”

“ಆಸ್ಪತ್ರೆಯಿಂದಲೇ ಬಂದಿರುತ್ತೆ. ನೀವೇ ತಂದಿದ್ದು, ಕೈಯಲ್ಲಿ” ಎಂದಳು ಅವಳು. “ರೋಗಿನ ಎತ್ತೋಕೆ ಗ್ಲೌಸ್ ಹಾಕ್ತೀರಿ. ಎತ್ತಿ ಆದ್ಮೇಲೆ ಅದೇ ಗ್ಲೌಸಲ್ಲಿ ಸ್ಟೀರಿಂಗ್ ಹಿಡೀತೀರಿ. ಅದರ ಮೇಲೆ ಉಣ್ಣೆ ಬೇರೆ. ಅವಕ್ಕೆ ಹಾಸಿಗೆ ಹಾಸಿಕೊಟ್ಟ ಹಾಗಿದೆ.”

“ಎದ್ದು ಹೋಗಿ ಇಲ್ಲಿಂದ.”

“ಹೋಗ್ತೀನಿ. ಮತ್ತೆ ಬರ್ತೀನಿ ಕೂಡ.”

ಅವಳ ಮಾತು ಕೇಳಿ ಶೆಡ್ಡಿನ ಇನ್‌ಚಾರ್ಜ್ ಪ್ರತಿ ಗಾಡಿಗೂ ಕ್ರಿಮಿನಾಶಕ ದ್ರಾವಣದ ಕ್ಯಾನ್ ಕೊಟ್ಟ. ಒರೆಸಿದ ತಕ್ಷಣ ಒಣಗಿಸಬಾರದು, ಕೆಲವು ನಿಮಿಷ ಹಸಿಯಾಗಿಯೇ ಇರಲು ಬಿಡಬೇಕು, ಆಗಲೇ ಅದು ಕೆಲಸ ಮಾಡುವುದು ಎಂದು ಹತ್ತಿಕಡ್ಡಿ ಎಲ್ಲರಿಗೂ ತೋರಿಸಿಕೊಟ್ಟಿದ್ದಳು. ಭಾವ ಮರುದಿನ ಎಲ್ಲರೂ ನೋಡುವಂತೆ ಆ ದ್ರಾವಣದಿಂದ ಟೈರು ತೊಳೆದ.

ಭಾಮೈದ ಇದನ್ನು ಮನೆಗೆ ಹೊತ್ತು ತಂದ. ಅಕ್ಕನ ಮನೆ ಅವನ ಮನೆಯಿಂದ ಒಂದು ಗೋಡೆಯಾಚೆ. ಮಧ್ಯಾಹ್ನದ ಊಟ ಒಟ್ಟಿಗೇ. ಅಂದು ಕೈ ತೊಳೆಯಲು ಎದ್ದ ಭಾಮೈದ ಸೋಪನ್ನು ತಿಕ್ಕಿಯೇ ತಿಕ್ಕಿದ. ಭಾವ ನೋಡುತ್ತಿದ್ದ.

“ಏನೋ ಅದು, ಸೋಪು ಕರಗಿಸ್ತಿದ್ದೀಯಾ? ಅವಳು ನಿನಗೂ ಮಂತ್ರ ಹಾಕಿದ್ಲಾ?”

“ಅವರು ಹೇಳಿದ್ರಲ್ಲಿ ತಪ್ಪೇನಿದೆ ಭಾವ? ನಾನು ನೆಲ ಒರೆಸಿದ ಬಟ್ಟೇಲೇ ಸ್ಟ್ರೆಚರ್ ಒರೆಸ್ತಿದ್ದೆ. ನನ್ನದೂ ತಪ್ಪು. ನಿಮ್ಮ ಗಾಡಿ ಮೇಲೆ ಥಳುಕು ಒಳಗೆ ಹುಳುಕು, ಅಷ್ಟೇ.”

ಭಾವ ತಟ್ಟೆಯನ್ನು ದೂಡಿದ ರಭಸಕ್ಕೆ ನೀರಿನ ಲೋಟ ಉರುಳಿತು. “ನನ್ನ ಅನ್ನ ಉಂಡು ನನಗೇ ಹುಳುಕು ಅಂತೀಯಾ?”

“ರೀ, ಅನ್ನ ಬಡಿಸಿದ್ದು ನಾನು” ಎಂದಳು ಹೆಂಡತಿ. “ಅವನಿಗೆ ಅನ್ನೋ ಹಾಗಿದ್ರೆ ಗಾಡಿ ವಿಷಯ ಅನ್ನಿ. ಅನ್ನದ ಸುದ್ದಿಗೆ ಬರಬೇಡಿ.” ತಮ್ಮನ ಕಡೆ ತಿರುಗಿ, “ನೀನೂ ಅಷ್ಟೇ. ಊಟಕ್ಕೆ ಕೂತಾಗ ಹುಳ ಹುಪ್ಪಟೆ ಮಾತು ಯಾಕೋ?” ಎಂದಳು. ಇಬ್ಬರಿಗೂ ಸಮನಾಗಿ ಬೈದದ್ದರಿಂದ ಇಬ್ಬರೂ ಅವಳ ಮೇಲೂ ಮುನಿಸಿಕೊಂಡರು.

ಅಂದಿನಿಂದ ಭಾವ ಭಾಮೈದರ ಮಾತು ನಿಂತಿತು. ಗಾಡಿ ಒಂದೇ ಆದ್ದರಿಂದ ತೀರ ಮೂಕರಾಗಿರಲೂ ಬರುವಂತಿರಲಿಲ್ಲ. ಭಾಮೈದ ರೋಗಿಯ ಕಡೆಯವರಿಗೆ, “ಸ್ವಲ್ಪ ನಿಧಾನ ಓಡಿಸೋಕೆ ಹೇಳಿ ಅವರಿಗೆ, ಡ್ರಿಪ್ ಹಾಕ್ತಿದ್ದೀನಿ” ಎನ್ನುತ್ತಿದ್ದ. ಮುಂದಿನಿಂದ ಭಾವ, “ನಿಧಾನ ಬೇಕಾದ್ರೆ ಎತ್ತಿನ ಗಾಡಿ ಹತ್ತೋಕೆ ಹೇಳಿ ಅವನಿಗೆ” ಎನ್ನುತ್ತಿದ್ದ. ನೋವಿನಲ್ಲಿ ಮುಲುಗುತ್ತಿದ್ದ ಒಬ್ಬ ಮುದುಕ, “ನನ್ನನ್ನ ಇಳಿಸಿಬಿಡಿ, ನಡ್ಕೊಂಡೇ ಹೋಗ್ತೀನಿ” ಎಂದದ್ದೂ ಉಂಟು.

ಬಡಗಿಯ ಕರೆ ಬಂದದ್ದು ಇಂಥ ದಿನಗಳಲ್ಲೇ. ಕಟ್ಟುತ್ತಿದ್ದ ಮನೆಯೊಂದರಲ್ಲಿ ಬಾಗಿಲ ಚೌಕಟ್ಟು ಕೂರಿಸುತ್ತಿದ್ದವನು ಅಟ್ಟಣೆಯಿಂದ ಜಾರಿ ಕೆಳಗೆ ಬಿದ್ದಿದ್ದ. ಮೊಣಕಾಲ ಕೆಳಗೆ ಮೂಳೆ ಚರ್ಮ ಸೀಳಿ ಹೊರಬಂದಿತ್ತು. ಸಿಮೆಂಟು ಧೂಳಿನಲ್ಲಿ ರಕ್ತ ಕೆಸರಾಗಿತ್ತು. ಭಾವ ಗ್ಲೌಸ್ ಹಾಕಿಕೊಂಡು ಎತ್ತಲು ಕೈ ಕೊಟ್ಟ, ಅದೇ ಗ್ಲೌಸಿನಲ್ಲಿ ಸ್ಟೀರಿಂಗ್ ಹಿಡಿದು ಗಾಡಿ ಬಿಟ್ಟ. ದಾರಿ ಅರ್ಧ ಮುಗಿದಿರಬೇಕು, ಗುಂಡಿಯೊಂದಕ್ಕೆ ಇಳಿದ ಗಾಡಿ ಎಗರಿತು. ಬೆಲ್ಟು ಕಳಚಿ ಬಡಗಿಯ ಕಾಲು ಆಸರೆಗೆ ಇಟ್ಟಿದ್ದ ಪಟ್ಟಿಯಿಂದ ಜಾರಿತು. ಅವನ ಕೂಗಿಗೆ ಭಾವ ಗಾಡಿ ನಿಲ್ಲಿಸಿ ಹಿಂದೆ ಹಾರಿ ಬಂದ. ಭಾಮೈದನ ಎರಡು ಕೈಗಳೂ ತೊಡೆಯನ್ನು ಒತ್ತಿ ಹಿಡಿದಿದ್ದವು. ಗಾಯದ ಮೇಲಿನ ಬಟ್ಟೆ ಸರಿದಿತ್ತು. ಭಾವ ಅದಕ್ಕೆ ಕೈ ಚಾಚಿದ.

“ಭಾವ, ಗ್ಲೌಸ್ ಬದಲಾಯಿಸಿ! ಪಕ್ಕದಲ್ಲೇ ಇದೆ.” ವಾರಗಳ ನಂತರ ನೇರವಾಗಿ ಬಂದ ಮೊದಲ ಮಾತು ಅದು.

“ಜೀವ ಮುಖ್ಯನೋ, ಗ್ಲೌಸ್ ಮುಖ್ಯನೋ?” ಎಂದು ಗದರಿದ ಭಾವ ಬಟ್ಟೆಯನ್ನು ಸರಿಸಿ ಒತ್ತಿದ, ಬೆಲ್ಟು ಬಿಗಿದ, ಮತ್ತೆ ಮುಂದೆ ಓಡಿದ. ಬಡಗಿ ಜೀವಂತವಾಗಿ ಆಸ್ಪತ್ರೆ ಮುಟ್ಟಿದ. ಅಂದು ಸಂಜೆ ಭಾವ ಶೆಡ್ಡಿನಲ್ಲಿ ತಾನು ಗಾಡಿ ಓಡಿಸಿದ ಪರಿಯನ್ನು ಕೇಳಿದವರಿಗೂ ಕೇಳದವರಿಗೂ ವರ್ಣಿಸಿದ.

ಬಡಗಿಯ ಹೆಂಡತಿ ಶೆಡ್ಡಿಗೆ ಬಂದದ್ದು ಬಹಳ ದಿನಗಳಾದ ಮೇಲೆ, ಬಿಸಿಲೇರಿದ ಹೊತ್ತಿನಲ್ಲಿ. ಆ ದಿನವೇ ಹತ್ತಿಕಡ್ಡಿಯೂ ಮತ್ತೆ ಡಬ್ಬ ಹಿಡಿದು ಬಂದಿದ್ದಳು. ಬಡಗಿಯ ಹೆಂಡತಿ ಗಟ್ಟಿಮುಟ್ಟಾದ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು.

“ನಮ್ಮೋರನ್ನ ತಂದ ಗಾಡಿ ಯಾವುದು?”

ಭಾವನ ಮುಖ ಅರಳಿತು. ಕೈ ಮುಗಿಯಲು ಬಂದಿರಬೇಕೆಂದುಕೊಂಡ. “ನಂದೇ ಅಮ್ಮಾ. ಹೇಗಿದ್ದಾರೆ ಈಗ?”

“ಕಾಲು ತೆಗೆದ್ರು. ಗಾಯಕ್ಕೆ ಸೋಂಕಾಗಿ ಮೂಳೆಗೆ ಇಳೀತಂತೆ. ಯಾವ ಔಷಧೀನೂ ನಾಟಲಿಲ್ಲ.” ಅವಳ ದನಿ ಏರಲಿಲ್ಲ. “ಆಂಬುಲೆನ್ಸ್‌ಗಳು ಗಲೀಜಾಗಿರುತ್ತವೆ, ಅಲ್ಲಿಂದಲೂ ಹತ್ತಿರಬಹುದು ಅಂತ ವಾರ್ಡಿನಲ್ಲಿ ಮಾತಾಡ್ಕೋತಿದ್ರು. ನೋಡೋಣ ಅಂತ ಬಂದೆ.”

“ನಿಮ್ಮ ಗಂಡನ್ನ ಬದುಕಿಸಿ ತಂದಿದ್ದು ನಾನು!”

“ಬದುಕಿಸಿದ್ರಿ. ಕಾಲು ಎಲ್ಲಿ?”

ಭಾವ ತಿರುಗಿ ಹತ್ತಿಕಡ್ಡಿಯತ್ತ ಬೆರಳು ಮಾಡಿದ. “ಇವರೇ ಇದ್ದಾರಲ್ಲ ಕಡ್ಡಿ ಹಿಡ್ಕೊಂಡು. ಕೇಳಿ ಇವರನ್ನ. ಹೇಳಿ ಮೇಡಂ, ನಾನೇ ಮಾಡಿದ್ದು ಅಂತ ಹೇಳಿ. ನಿಮಗೂ ಅದೇ ತಾನೇ ಬೇಕಾಗಿದ್ದು?”

ಹತ್ತಿಕಡ್ಡಿ ಡಬ್ಬದ ಮುಚ್ಚಳ ಹಾಕಿದಳು. “ಗೊತ್ತಿಲ್ಲ” ಎಂದಳು. “ಬಿದ್ದ ಕಡೆ ಮಣ್ಣಿತ್ತು, ಅದರಿಂದ ಬಂದಿರಬಹುದು. ಈ ಗಾಡಿಯಿಂದ ಬಂದಿರಬಹುದು. ನಮ್ಮ ಆಪರೇಷನ್ ಥಿಯೇಟರಿಂದ, ನಮ್ಮ ವಾರ್ಡಿಂದಲೂ ಬಂದಿರಬಹುದು. ಅದೇ ಜಾತಿದು ಈ ಗಾಡೀಲಿ ಸಿಕ್ಕಿತ್ತು, ನಿಜ. ನಮ್ಮ ವಾರ್ಡಲ್ಲೂ ಸಿಗುತ್ತೆ. ಇಲ್ಲಿಂದಲೇ ಅಂತ ಹೇಳಿದ್ರೂ ಸುಳ್ಳು, ಇಲ್ಲಿಂದ ಅಲ್ಲ ಅಂದ್ರೂ ಸುಳ್ಳು.”

ಈ ಮಾತಿನಿಂದ ಯಾರಿಗೂ ಸಮಾಧಾನವಾಗಲಿಲ್ಲ. “ಎಲ್ಲರೂ ಸೇರಿ ಒಬ್ಬರ ಮೇಲೊಬ್ಬರು ಹಾಕ್ಕೊಂಡು ಕೂತಿರಿ” ಎಂದ ಬಡಗಿಯ ಹೆಂಡತಿ ಗಾಡಿಯ ಫಳಫಳ ಹೊಳೆಯುವ ಬಾನೆಟ್ಟಿನ ಮೇಲೆ ಉಗಿದು ಹೊರಟುಹೋದಳು. ಅದನ್ನು ಒರೆಸಲು ಭಾವ ಕೈ ಎತ್ತಲಿಲ್ಲ. ಅವನು ನೋಡುತ್ತಿದ್ದದ್ದು ಭಾಮೈದನನ್ನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಭಾವನ ಕೈ ಪ್ಯಾಂಟಿಗೆ ಉಜ್ಜಿಕೊಳ್ಳುತ್ತಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಭಾವ ಭಾಮೈದನನ್ನು ಕೇಳಿದ. “ಗ್ಲೌಸ್ ವಿಷಯ ಯಾಕೆ ಹೇಳ್ಲಿಲ್ಲ?”

“ನಿಮಗೋಸ್ಕರ ಅಲ್ಲ. ಆ ಹೆಂಗಸು ನಮ್ಮಕ್ಕನ ಮನೆ ಬಾಗಿಲಿಗೆ ಬಂದು ಶಾಪ ಹಾಕಬಾರದು ಅಂತ.”

ಹತ್ತಿಕಡ್ಡಿಯನ್ನು ಭಾವ ಅಂದು ಮೊದಲಿಗಿಂತ ಹೆಚ್ಚು ದ್ವೇಷಿಸಿದ. ನೀನೇ ಮಾಡಿದ್ದು ಎಂದಿದ್ದರೆ ಅಲ್ಲವೆಂದು ಕೂಗಾಡಬಹುದಿತ್ತು. ನಿನ್ನಿಂದಲ್ಲ ಎಂದಿದ್ದರೆ ಮೀಸೆ ತಿರುವಬಹುದಿತ್ತು. ಗೊತ್ತಿಲ್ಲ ಎಂದು ಹೇಳಿ ಅವಳು ಅವನನ್ನು ಅತ್ತ ದಡಕ್ಕೂ ಇತ್ತ ದಡಕ್ಕೂ ಸಲ್ಲದಂತೆ ನಡುನೀರಿನಲ್ಲಿ ಬಿಟ್ಟಿದ್ದಳು. ಅಪ್ಪನಿಗೆ ಒಂದು ಗಾಡಿ ಸಿಕ್ಕಿದ್ದರೆ ಸಾಕಿತ್ತು ಎಂದು ಇಷ್ಟು ವರ್ಷ ನಂಬಿದ್ದವನಿಗೆ, ಗಾಡಿಯೇ ಆಪತ್ತು ತರಬಹುದೆಂಬುದು ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ಅವನು ವಾರ್ಡಿಗೆ ಹೋದ. ಬಡಗಿ ಗೋಡೆಗೆ ಒರಗಿ ಕೂತಿದ್ದ. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಹೆಂಡತಿ ತಲೆದಿಂಬು ಸರಿಮಾಡುತ್ತಿದ್ದಳು.

“ನಿಮ್ಮನ್ನ ಎತ್ತಿದ ಗ್ಲೌಸಲ್ಲೇ ಗಾಡಿ ಓಡಿಸ್ದೆ. ಆಮೇಲೆ ಅದೇ ಕೈಯಲ್ಲಿ ಗಾಯದ ಬಟ್ಟೆ ಮುಟ್ಟಿದೆ. ಬದಲಾಯಿಸು ಅಂತ ಜತೆಗಿದ್ದವನು ಹೇಳ್ದ. ನಾನು ಕೇಳ್ಲಿಲ್ಲ” ಎಂದ ಭಾವ.

ಬಡಗಿ ಅವನ ಕೈಗಳನ್ನು ನೋಡಿದ. “ಹೇಳಿ ಆಯ್ತಾ? ನಿನ್ನ ಎದೆ ಹಗುರ ಆಯ್ತಾ?” ಎಂದ. “ಆ ಹೊರೆ ಇಳಿಸೋಕೆ ನನ್ನ ಮಂಚವೇ ಬೇಕಿತ್ತೇನಪ್ಪಾ? ಹೋಗು ಆಚೆ.”

ಭಾವ ಹೊರಗೆ ಬಂದ. ಶೆಡ್ಡಿಗೆ ಬಂದವನೇ ಸ್ಟೀರಿಂಗಿನ ಉಣ್ಣೆಯ ಕವರನ್ನು ಬ್ಲೇಡಿನಿಂದ ಕುಯ್ದು ಕಸದ ಡಬ್ಬಿಗೆ ಹಾಕಿದ. ಆಮೇಲೆ ದ್ರಾವಣದ ಕ್ಯಾನ್ ತೆಗೆದುಕೊಂಡು ಗಾಡಿಯ ಹಿಂಭಾಗಕ್ಕೆ ಹತ್ತಿದ.

ಇಲ್ಲಿಂದ ಮುಂದೆ ಅವನು ಮೆತ್ತಗಾದ ಎಂದುಕೊಂಡರೆ ತಪ್ಪು. ಸಿಟ್ಟು ದಿಕ್ಕು ಬದಲಾಯಿಸಿತು, ಅಷ್ಟೇ. ಗಾಡಿ ತೊಳೆಯದೆ ಅಲುಗಾಡುವುದಿಲ್ಲ ಎಂದು ಹಟ ಹಿಡಿದ. ಬಕೆಟ್ಟಿನ ಬಟ್ಟೆಯನ್ನು ಬೇರೆ ಡ್ರೈವರ್ ಒಬ್ಬನ ಮುಖಕ್ಕೆ ಎಸೆದ. ಚಪ್ಪಲಿ ಕಾಲಲ್ಲಿ ಗಾಡಿ ಹತ್ತಿದ ಇನ್‌ಚಾರ್ಜನನ್ನು ಇಳಿಸಿದ. “ಭಾವನಿಗೆ ಮಡಿ ಹಿಡಿದಿದೆ” ಎಂದು ಶೆಡ್ಡು ಆಡಿಕೊಂಡಿತು. ಭಾಮೈದ ಮಾತ್ರ ಪಕ್ಕದಲ್ಲಿ ನಿಂತು ಬೆಲ್ಟುಗಳನ್ನು ಉಜ್ಜುತ್ತಿದ್ದ.

ಒಮ್ಮೆ ರಕ್ತ ಕಾರಿಕೊಂಡ ರೋಗಿಯನ್ನು ಇಳಿಸಿ ಗಾಡಿ ತೊಳೆಯುತ್ತಿದ್ದಾಗ ವೈರ್‌ಲೆಸ್ ಕೂಗಿತು. ಹತ್ತಿರದ ಬೀದಿಯಲ್ಲೇ ಒಬ್ಬರಿಗೆ ಎದೆನೋವು.

“ಗಾಡಿ ಒದ್ದೆ ಇದೆ. ಬೇರೆಯವರನ್ನ ಕಳಿಸಿ” ಎಂದ ಭಾವ.

“ನೀವೇ ಹತ್ತಿರ ಇದ್ದೀರಿ ಭಾವ! ಬೇರೆಯವರು ಊರಾಚೆ ಇದ್ದಾರೆ.”

“ತೊಳೆಯದೆ ಹೊರಡಲ್ಲ ಅಂದ್ರೆ ಹೊರಡಲ್ಲ.”

ಊರಾಚೆಯ ಗಾಡಿಯೇ ಬಂತು. ರೋಗಿ ಉಳಿದುಕೊಂಡ. ಆದರೆ ಸುದ್ದಿ ತಿಳಿದ ಹತ್ತಿಕಡ್ಡಿ ಆ ಮಧ್ಯಾಹ್ನವೇ ಶೆಡ್ಡಿಗೆ ನುಗ್ಗಿದಳು. ಅವಳು ಜೋರಾಗಿ ಮಾತಾಡಿದ್ದನ್ನು ಅಲ್ಲಿಯವರು ಕೇಳಿದ್ದು ಅದೇ ಮೊದಲು.

“ಬುದ್ಧಿ ಇದೆಯಾ ನಿಮಗೆ? ಎದೆನೋವಿನವರನ್ನ ಕಾಯಿಸಿ ನೆಲ ತೊಳೀತೀರಾ? ಅವನು ಸತ್ತಿದ್ರೆ ನಾಳೆಯಿಂದ ಯಾವನೂ ಕ್ಯಾನ್ ಮುಟ್ತಿರಲಿಲ್ಲ. ಆ ಹತ್ತಿಕಡ್ಡಿ ಮಾತು ಕೇಳಿ ಕೊಂದ ಅಂತಿದ್ರು.”

“ತೊಳೆದ್ರೂ ಬೈತೀರಾ? ತೊಳೆಯದಿದ್ರೂ ಬೈತೀರಾ?”

“ತಲೆ ಉಪಯೋಗಿಸದಿದ್ರೆ ಬೈತೀನಿ! ಜೀವ ಹೋಗೋ ಕರೆ ಬಂದ್ರೆ ಹಾಸು ಬದಲಾಯಿಸಿ, ರಕ್ತ ಬಿದ್ದಿದ್ದನ್ನ ತೆಗೀರಿ, ಕೈ ಮುಟ್ಟೋ ಜಾಗ ಒರೆಸಿ, ಹೊಸ ಗ್ಲೌಸ್ ಹಾಕಿ, ಹೊರಡಿ. ಒಂದೊಂದು ಕೆಲಸಕ್ಕೂ ಗ್ಲೌಸ್ ಬೇರೆ. ಮಿಕ್ಕಿದ್ದು ವಾಪಸ್ ಬಂದು. ಕಾಲುಳುಕಿದವರ ಕರೆ ಆದ್ರೆ ಪೂರ್ತಿ ತೊಳೆದೇ ಹೊರಡಿ.”

“ಯಾವುದು ಜೀವ ಹೋಗೋದು, ಯಾವುದು ಉಳುಕು ಅಂತ ಕಂಟ್ರೋಲಿನವರು ಬಿಡಿಸಿ ಹೇಳ್ತಾರಾ? ಎಲ್ಲದಕ್ಕೂ ಓಡು ಓಡು ಅಂತಾರೆ. ಹೋಗಿ ಅವರಿಗೆ ಬೈರಿ. ನಮ್ಮ ಮೇಲಷ್ಟೇ ನಿಮ್ಮ ಪೌರುಷ.”

ಹತ್ತಿಕಡ್ಡಿ ಇನ್‌ಚಾರ್ಜನ ಕೋಣೆಯತ್ತ ತಿರುಗಿದಳು. “ಬನ್ನಿ, ಇಬ್ಬರೂ ಹೋಗೋಣ” ಎಂದಳು.

ಇನ್‌ಚಾರ್ಜನ ಕೋಣೆಯಲ್ಲಿ ಅಂದು ನಡೆದದ್ದನ್ನು ಕಿಟಕಿಯ ಹೊರಗಿನಿಂದ ಇಡೀ ಶೆಡ್ಡು ಕೇಳಿತು. ಭಾವ ಒಂದು ಕಡೆಯಿಂದ, ಹತ್ತಿಕಡ್ಡಿ ಇನ್ನೊಂದು ಕಡೆಯಿಂದ. ನಡುನಡುವೆ ಅವರಿಬ್ಬರೇ ಒಬ್ಬರಿಗೊಬ್ಬರು ಅರಚಿಕೊಂಡರು. ಕೊನೆಗೆ ಇನ್‌ಚಾರ್ಜ್ ತಲೆಯ ಮೇಲೆ ಕೈ ಹೊತ್ತು ಒಪ್ಪಿದ. ತೊಳೆಯುತ್ತಿರುವ ಗಾಡಿ ವೈರ್‌ಲೆಸ್‌ನಲ್ಲಿ ‘ಒದ್ದೆ’ ಎಂದು ತಿಳಿಸುವುದು. ಒದ್ದೆ ಗಾಡಿಯನ್ನು ಜೀವಕ್ಕೆ ಅಪಾಯವಿರುವ ಕರೆಗೆ ಮಾತ್ರ ಕಳಿಸುವುದು. ಮೊದಲ ವಾರವೇ ಕಂಟ್ರೋಲ್ ರೂಮಿನ ಹೆಂಗಸು, “ಭಾವ, ಒದ್ದೆನಾ, ಒಣಗಿದ್ರಾ?” ಎಂದು ಕೇಳಿದ್ದು ಎಲ್ಲ ಗಾಡಿಗಳಲ್ಲೂ ಕೇಳಿಸಿತು. ನಗು ನಿಲ್ಲಲು ಬಹಳ ದಿನ ಹಿಡಿಯಿತು. ಭಾವ ನಗಲಿಲ್ಲ.

ಹತ್ತಿಕಡ್ಡಿ ಆಮೇಲೂ ಬರುತ್ತಿದ್ದಳು. ತಟ್ಟೆಗಳಲ್ಲಿ ಚುಕ್ಕೆಗಳು ವಿರಳವಾದವು; ಆಕ್ಸಿಜನ್ನಿನ ತಿರುಪು ಮಾತ್ರ ಮತ್ತೆ ಮತ್ತೆ ಕೈಕೊಟ್ಟಿತು. ಅದರ ಮೇಲೆ ಇಬ್ಬರಿಗೂ ಪ್ರತಿ ಸಲವೂ ಜಗಳ. ಅವಳು ಒಂದು ಒಳ್ಳೆಯ ಮಾತು ಆಡಲಿಲ್ಲ, ಇವನು ಒಂದು ಟೀ ತರಿಸಲಿಲ್ಲ.

ಬಡಗಿಯ ಬೀದಿಯಿಂದ ಕರೆ ಬಂದದ್ದು ಇದೆಲ್ಲ ಆಗಿ ವರ್ಷ ದಾಟಿದ ಮೇಲೆ. ಅವನ ತಾಯಿಗೆ ಜ್ವರ, ನಿಶ್ಶಕ್ತಿ, ಅಂಥ ಅವಸರದ್ದಲ್ಲ. ವಿಳಾಸ ಓದಿದ ಭಾಮೈದ ಭಾವನ ಮುಖ ನೋಡಿದ. ಭಾವ ಗಾಡಿ ಬಿಟ್ಟ.

ಬಡಗಿ ಬಾಗಿಲಲ್ಲಿ ಊರುಗೋಲು ಹಿಡಿದು ನಿಂತಿದ್ದ. ಅಂಗಳದಲ್ಲಿ ಕೂತೇ ಕೆಲಸ ಮಾಡಲು ತಗ್ಗಿನ ಮೇಜೊಂದನ್ನು ಮಾಡಿಕೊಂಡಿದ್ದ. ಅದರ ಸುತ್ತ ಮರದ ಹೊಟ್ಟು ಚೆಲ್ಲಿತ್ತು. ಅವನಿಗೆ ಭಾವನ ಗುರುತು ಹತ್ತಿತು. ಗಾಡಿಯ ಹಿಂದಕ್ಕೆ ಬಂದು ಒಳಗೆ ಇಣುಕಿದ. ಕಂಬಿ, ಬೆಲ್ಟು, ನೆಲ ಎಲ್ಲವನ್ನೂ ಕೆಲಸಗಾರನ ಕಣ್ಣಿನಲ್ಲಿ ನೋಡಿದ.

“ಕ್ಲೀನಾಗಿದೆ” ಎಂದ. ಆಮೇಲೆ, “ಈ ಗಾಡಿ ಬೇಡ” ಎಂದ.

“ಅಣ್ಣಾ, ಅಮ್ಮಂಗೆ ತೊಂದರೆ ಆಗುತ್ತೆ” ಎಂದು ಭಾಮೈದ ಬಾಯಿ ಹಾಕಿದ.

“ಇವನು ಮುಟ್ಟೋದು ಬೇಡ. ಆಟೋ ಆದ್ರೂ ಹಿಡೀತೀನಿ.”

ಭಾವ ವೈರ್‌ಲೆಸ್ ಎತ್ತಿಕೊಂಡು ಇನ್ನೊಂದು ಗಾಡಿ ಕೇಳಿದ. ಯಾಕೆ, ಒದ್ದೆನಾ ಎಂದಳು ಕಂಟ್ರೋಲ್ ರೂಮಿನ ಹೆಂಗಸು. “ಇಲ್ಲ. ಒಣಗಿದೆ. ಅವರಿಗೆ ನಾನು ಬೇಡ” ಎಂದ. ಅಷ್ಟರಲ್ಲಿ ಭಾಮೈದ ಒಳಗೆ ಹೋಗಿ ಮುದುಕಿಯ ನಾಡಿ, ಉಸಿರು ನೋಡಿ ಬಂದ. ಅದಕ್ಕೆ ಬಡಗಿ ಬೇಡವೆನ್ನಲಿಲ್ಲ.

ಬೀದಿ ಕಿರಿದು. ಇನ್ನೊಂದು ಗಾಡಿ ಬಂದಾಗ ಭಾವ ತನ್ನದನ್ನು ಗೋಡೆಗೆ ಸವರುವಂತೆ ಸರಿಸಿ, ಕೆಳಗಿಳಿದು, ಹಿಂದೆ ಹಾರ್ನ್ ಬಡಿಯುತ್ತಿದ್ದ ಸ್ಕೂಟರಿನವರನ್ನು ಬೈದು ತಡೆದು ದಾರಿ ಮಾಡಿಕೊಟ್ಟ. ಮುದುಕಿಯನ್ನು ಹತ್ತಿಸಿದರು. ಅವಳ ಹಿಂದೆ ಊರುಗೋಲು ಒಳಗೆಳೆದುಕೊಂಡು ಹತ್ತಿದ ಬಡಗಿ ಇತ್ತ ತಿರುಗಿ ನೋಡಲಿಲ್ಲ.

ಗಾಡಿ ಕಣ್ಮರೆಯಾದ ಮೇಲೆ ಭಾಮೈದ ಮುಂದಿನ ಸೀಟಿನಲ್ಲಿ ಬಂದು ಕೂತ. “ಕೆರೆ ಕಡೆ ರಸ್ತೇಲಿ ಹೋಗೋಣ ಭಾವ, ಈ ಕಡೆ ಜಾಮ್ ಇರುತ್ತೆ.”

“ನನಗೆ ದಾರಿ ಹೇಳಿಕೊಡ್ತೀಯೇನೋ?” ಎಂದು ಭಾವ ಗೇರ್ ಹಾಕಿದ. ಶೆಡ್ಡು ಮುಟ್ಟುವವರೆಗೂ ಇಬ್ಬರೂ ಅದರ ಮೇಲೆ ಜಗಳವಾಡುತ್ತಲೇ ಹೋದರು.